ಟ್ಯಾಬ್ ಒಪ್ಪದ ಊರು

ಹತ್ತೊಂಬತ್ತು ವರ್ಷದ ಮೇಲೆ ಅಣ್ಣ ಬಾಲ್ದೊವಿನೊ
ದಕ್ಷಿಣದಿಂದ ವಾಪಸು ಬಂದ.
ಎರಡು ಚೀಲ, ಒಂದು ಉಣ್ಣೆ ಕೋಟು,
ಹಳೇ ಟವಲಿನಲ್ಲಿ ಸುತ್ತಿದ ವೈಫೈ ಪೆಟ್ಟಿಗೆ.
‘ದುಡ್ಡು ಕೊಟ್ಟು ಕೊಂಡದ್ದು, ಅಲ್ಲೇ ಬಿಟ್ಟು ಬರಲೇ?’ ಅಂದ.

ನಮ್ಮದು ಚಿಲೊಯೆಯ ಮಗ್ಗುಲ ಸಣ್ಣ ದ್ವೀಪ.
ಇಳಿತಕ್ಕೆ ಕಡಲು ಹಿಂದೆ ಸರಿದರೆ
ದೋಣಿಗಳು ಕೆಸರಲ್ಲಿ ಪಕ್ಕಕ್ಕೆ ಹೊರಳಿ ಮಲಗುತ್ತವೆ.
ಮಂಜು ಬಿದ್ದರೆ ಅದೂ ಕಾಣದು.
ಅದಕ್ಕೇ ಕಾಸ್ತ್ರೊ ಪೇಟೆಯಲ್ಲಿ ಕಂತಿನ ಮೇಲೆ ಟ್ಯಾಬ್ ಕೊಂಡಿದ್ದೆ,
ಪಚ್ಚಿಲೆ ಚಿಪ್ಪು ತೂಗುವ ಹಗ್ಗಗಳ ತನಕ
ನಕ್ಷೆ ನೋಡಿಕೊಂಡು ಹೋಗಿಬರೋಣವೆಂದು.

ಅಡುಗೆಮನೆಯಲ್ಲಿ ತೆರೆದೆ.
ನೀಲಿ ಚುಕ್ಕೆ ಪುಂತಾ ಅರೇನಾಸಿನ ಬೀದಿಯಲ್ಲಿ ನಿಂತಿತ್ತು,
ಸಾವಿರ ಕಿಲೋಮೀಟರು ಕೆಳಗೆ.
ಒಂದು ಬೇಕರಿ, ಪಕ್ಕಕ್ಕೆ ಟೈರಿನ ಅಂಗಡಿ.
ಅಣ್ಣ ಬಗ್ಗಿ ನೋಡಿದ.
‘ನನ್ನ ಬಾಡಿಗೆ ಕೋಣೆ. ಎರಡನೇ ಮಹಡಿ. ನಲ್ಲಿ ಸೋರುತ್ತಿತ್ತು.’

ಶಾಲೆಯ ಓತಿಲಿಯಾ ಟೀಚರ್ ಬಂದು ಬಿಡಿಸಿ ಹೇಳಿದಳು:
ಈ ಟ್ಯಾಬಿಗೆ ಆಕಾಶ ನೋಡುವ ಕಣ್ಣಿಲ್ಲ.
ಸುತ್ತಲ ವೈಫೈ ದನಿ ಆಲಿಸಿ
ಇದು ಇಂಥ ಊರು ಅನ್ನುತ್ತದೆ.
ದ್ವೀಪದಲ್ಲಿ ಇರುವುದೇ ಒಂದು ದನಿ,
ಅದು ಬಾಲ್ದೊವಿನೊ ಹೊತ್ತು ತಂದದ್ದು.
ಪೆಟ್ಟಿಗೆ ಬಂದಿದೆ; ಬಂದ ಸುದ್ದಿ
ಎಲ್ಲೋ ಯಾರೋ ಇಟ್ಟ ಪಟ್ಟಿಗೆ ಇನ್ನೂ ಮುಟ್ಟಿಲ್ಲ.

‘ಯಂತ್ರವೂ ನಂಬುತ್ತಿಲ್ಲ ನೋಡು, ನಾನು ಬಂದದ್ದು!’
ಅಣ್ಣ ನಕ್ಕ. ಮೂರು ದಿನ ನಕ್ಕ.
ನಾಲ್ಕನೇ ದಿನ ನಗಲಿಲ್ಲ.

ದೋಣಿ ದಡ ಬಿಟ್ಟರೆ ಚುಕ್ಕೆ ಬೂದಿಬಣ್ಣಕ್ಕೆ ತಿರುಗಿ
ಬೇಕರಿಯ ಮುಂದೆಯೇ ನಿಂತುಬಿಡುತ್ತಿತ್ತು.

ಸಾಲ್ಮನ್ ಕಂಪನಿ ಬಿಟ್ಟ ರಿಗೊಬೆರ್ತೊ
ಎರಡು ಮೂಟೆ ಆಲೂಗಡ್ಡೆಗೆ ಒಂದು ರಿಸೀವರ್ ಕೊಟ್ಟ,
ಬಿಸ್ಕತ್ತಿನಷ್ಟು, ಕಪ್ಪಗೆ, ಒಂದು ಮೂಲೆ ಸೀಳಿದ್ದು.
ಬ್ಲೂಟೂತಿನಲ್ಲಿ ಗಂಟು ಹಾಕಬೇಕು.
ಸೆಟ್ಟಿಂಗ್ಸಿನ ಆಳದಲ್ಲಿ ಒಂದು ಸಾಲನ್ನು ಏಳು ಸಲ ತಟ್ಟಿದರೆ
ಮುಚ್ಚಿದ ಬಾಗಿಲೊಂದು ತೆರೆಯುತ್ತದೆ, ಒಳಗೊಂದು ಆಯ್ಕೆ:
‘ಅಣಕು ಸ್ಥಳಕ್ಕೆ ಅನುಮತಿ’.
ನಿಜ ಹೇಳಿಸಲಿಕ್ಕೆ ಸುಳ್ಳಿಗೆ ಪರವಾನಗಿ ಕೊಡಬೇಕಂತೆ. ಕೊಟ್ಟೆ.

ತಗಡಿನ ಸೂರಿನಡಿ ಅದು ಮಿಟುಕಿತೇ ಹೊರತು ಮಾತಾಡಲಿಲ್ಲ.
ಅಂಗಳಕ್ಕೆ ಒಯ್ದು ಬೋರಲು ಬಕೆಟ್ಟಿನ ಮೇಲಿಟ್ಟೆವು.
ಒಂದು ಉಪಗ್ರಹ.
ತುಂಬಾ ಹೊತ್ತು, ಒಂದೇ.
ಎರಡು. ಕೋಳಿಯೊಂದು ಬಂದು ಕುಕ್ಕಿತು, ಓಡಿಸಿದೆ.
ಮೂರು.
ಅಣ್ಣ ಕೋಟಿನ ಗುಂಡಿ ಹಾಕುವುದು ಬಿಚ್ಚುವುದು ಮಾಡುತ್ತಿದ್ದ.
ನಾಲ್ಕು ಆದದ್ದೇ ತಡ, ಚುಕ್ಕೆ
ಒಂದೇ ನೆಗೆತಕ್ಕೆ ನಮ್ಮ ಅಂಗಳದಲ್ಲಿತ್ತು.

‘ಬಸ್ಸಿಗೆ ಎಷ್ಟು ಹೊತ್ತು ಹಿಡಿಯಿತು ನಿನಗೆ?’
‘ಮೂವತ್ತೆರಡು ಗಂಟೆ. ಆರ್ಜೆಂಟೀನಾ ಸುತ್ತಿಕೊಂಡು.’

ಭಾನುವಾರ ಮಂಜು. ಮೂಗಿನ ಮುಂದಿನ ಹುಟ್ಟು ಕಾಣದು.
ಊರಿಗೆ ಬಂದವನು ನೀರಿಗೆ ಬಾರದಿರುತ್ತಾನೆಯೇ,
ಅಣ್ಣನನ್ನೂ ಹತ್ತಿಸಿಕೊಂಡೆ.
ಚುಕ್ಕೆ ನಮ್ಮನ್ನು ಇಗರ್ಜಿಯ ಗುಡ್ಡದ ಮೇಲೆ ತೇಲಿಸಿತು.
ಆಕಾಶ ಸರಿಯಾಗೇ ಹೇಳಿತ್ತು, ನಕ್ಷೆ ಹಳೆಯದು,
ಸಮುದ್ರವನ್ನು ಎಂಬತ್ತು ಮೀಟರು ಆಚೆ ಬರೆದವರು
ಸತ್ತು ಎಷ್ಟು ಕಾಲವಾಯಿತೋ.
ನಾನು ಬೈಯುತ್ತಿದ್ದೆ. ಅಣ್ಣ ಸುಮ್ಮನಿರು ಅಂದ.
‘ನಾಯಿ ಬೊಗಳುತ್ತಿದೆ. ಹೆರ್ಮೀನಿಯಾಳ ಹಟ್ಟಿಯದು.
ಎಡಕ್ಕೆ. ಇನ್ನೂ ಎಡಕ್ಕೆ.’
ಆ ನಾಯಿಯ ಅಜ್ಜಿಯನ್ನು ನೋಡಿ ಹೋದವನು ಅವನು!
ದೋಣಿಯ ಮೂತಿ ಬೋಯೆಗೆ ಮೆತ್ತಗೆ ತಾಗಿತು.

ರಾತ್ರಿ ರಿಸೀವರಿನ ಬ್ಯಾಟರಿ ಸತ್ತಿತು.
ಟ್ಯಾಬ್ ಮತ್ತೆ ಪೆಟ್ಟಿಗೆಯ ದನಿ ಹಿಡಿದು
ಬೇಕರಿಯ ಬೀದಿಗೆ ಹೋಗಿ ನಿಂತಿತು.
‘ತಪ್ಪಾಗಿದೆ ಅಂತ ಬರೆದು ಕಳಿಸಬಹುದಂತೆ,
ತಿದ್ದುತ್ತಾರಂತೆ,’ ಅಂದೆ.
ಅಣ್ಣ ಕನ್ನಡಕ ಏರಿಸಿಕೊಂಡು
ಬೆರಳಲ್ಲಿ ಬೀದಿಯನ್ನು ಹಿಗ್ಗಿಸಿದ, ಕುಗ್ಗಿಸಿದ.

‘ಇರಲಿ ಬಿಡು. ಇಷ್ಟು ಹೊತ್ತಿಗೆ
ಹಿಟ್ಟು ಕಲಸಲಿಕ್ಕೆ ಹುಡುಗರು ಬಂದಿರುತ್ತಾರೆ.’