ಹುಲಿ: ಸೊನ್ನೆ

ಡೋಣಿಯಿಂದ ಗುಡ್ಡ ಏರೂದಾದ್ರ
ನಸುಕಿನ್ಯಾಗ ಏರಬೇಕು.
ಹೊತ್ತೇರಿದರ ಕೆಂಪು ಕಲ್ಲು ಹಂಚಿನಂಗ ಕಾಯತೈತಿ,
ರೊಟ್ಟಿ ಬಡದು ಹಾಕಿದರ ಬೆಂದಾವು.

ನಾನು ಕಾವಲಗಾರ್ತಿ. ದಿನಗೂಲಿ.
ಕೈಯಾಗ ಇಲಾಖೆಯ ಫಾರ್ಮು,
ಹುಲಿ ಇದ್ದ ಅಡವಿಗೂ ಇದ,
ನಮ್ಮ ಕಪ್ಪತಗುಡ್ಡಕ್ಕೂ ಇದ.
ಮೊದಲನೇ ಸಾಲು: ಹುಲಿ.
ಬರೀತೀನಿ: ಸೊನ್ನೆ.
ನಾಕು ವರ್ಷದ ಹಿಂದನೂ ಅದನ್ನ ಬರದಿದ್ದೆ.
ಸೊನ್ನೆ ಒಂದ ನನಗ ಗುಂಡಗ ಬರತೈತಿ,
ಉಳಿದ ಅಕ್ಷರ ಎಲ್ಲಾ ಸೊಟ್ಟ.

ಎರಡನೇ ಹಾಳಿ: ಆವಾಸ.
ಹೊಸಾ ಸಾಹೇಬ್ರು ದಾಂಡೇಲಿ ಕಡಿಂದ ಬಂದಾವ್ರು,
ಕಣ್ಣಾಗ ಇನ್ನೂ ತೇಗದ ನೆರಳು.
ಹುಲ್ಲಿದ್ದರ ಈ ಮನಿಗೆ ಗುರುತು, ಕುರುಚಲಿದ್ದರ ಈ ಮನಿಗೆ,
ದಟ್ಟ ಅಡವಿ, ಅದನ್ನ ಬಿಡವ್ವಾ, ಅಂದರು.
ಬಿಟ್ಟೆ.
ಇಲ್ಲಿ ನೆರಳಂದ್ರ ಅಳತಿಯ ಮಾಲು:
ಕವಳಿ ಕಂಟಿ ಬುಡಕ ಒಂದು ಮೊಲ ಹಿಡಿಸೂವಷ್ಟು,
ದಿಂಡಲಗಿಡದ ಬುಡಕ ಒಬ್ಬ ಕುರುಬರಾಂವ
ಕಾಲು ಮಡಚಿ ಮಲಗೂವಷ್ಟು.
ಮಜ್ಜಿಗಿಹುಲ್ಲು ತುಳದರ ಹಿಮ್ಮಡಕ್ಕ ಚಹಾದ ವಾಸನಿ.
ವಾಸನಿಗೆ ಫಾರ್ಮಿನ್ಯಾಗ ಮನಿ ಇಲ್ಲ.

ಗಾಳಿಗೂ ಇಲ್ಲ.
ಅದನ್ನ ಹಿಡಿಯಾಕ ನೆತ್ತಿ ತುಂಬ ಬಿಳೇ ಕಂಬ ನಟ್ಟಾರ,
ಮೂರು ಮೂರು ರೆಕ್ಕಿ.
ಚಿಗರಿ ಮೊದಮೊದಲು ಬೆದರಿ ಓಡತಿದ್ದವು;
ಈಗ ಕಂಬದ ನೆರಳಿನ ಜೋಡಿ ಸರಕೋತ ಮೇಯತಾವು,
ಮುಂಜಾನಿ ಪಡುವಣಕ,
ಸಂಜಿಗೆ ಮೂಡಣಕ,
ಗಡಿಯಾರದ ಮುಳ್ಳಿಗೆ ಕಟ್ಟಿದಂಗ.
ಇದು ಯಾವ ಆವಾಸರಿ, ಸಾಹೇಬ್ರ?

ಅವರು ನೀರು ಕುಡದರು.

ಹುಲಿ ಇಲ್ಲಂತ ಹೆಂಗ ಅನ್ನೂದು?
ನಮ್ಮ ಓಣಿ ಪೀರಪ್ಪ ಮೊಹರಮ್ಮಿಗೆ ಹರಕಿ ಹೊತ್ತು ಹುಲಿಯಾಗತಾನ.
ಹಳದಿ ಬಣ್ಣ, ಕರೇ ಪಟ್ಟಿ,
ಬಾಲ ಹಿಡಿಯಾಕ ಹಿಂದ ಅವನ ಮಗ.
ಐದು ದಿನ ಹಲಗಿ ಮುಂದ ಕುಣದು
ಆರನೇ ದಿನ ಹಳ್ಳಕ್ಕಿಳದು ಸೀಮೆಎಣ್ಣಿ ಹಚ್ಚಿ ತಿಕ್ಕತಾನ.
ನೀರೆಲ್ಲಾ ಹಳದಿ.
ಬೆನ್ನ ನಡುವ, ಕೈ ನಿಲುಕದಲ್ಲಿ,
ಒಂದು ಪಟ್ಟಿ ಉಳೀತೈತಿ.
ಮುಂದ ಎಷ್ಟೋ ದಿನ ಅದು
ಅಂಗಿಯೊಳಗ ಕುಂತು ಗೋವಿನಜೋಳದಾಗ ಎಡಿ ಹೊಡೀತೈತಿ.

ಇಳಿಹೊತ್ತಿಗೆ ಹುಲಿಗವಿ ಮುಟ್ಟಿದಿವಿ.
ಬಾಯಾಗ ಬಾವಲಿ ನಾತ.
ಮುಳ್ಳಹಂದಿ ಮುಳ್ಳು ಎರಡು, ಆಕಳ ಗೊರಸೊಂದು,
ಸುಣ್ಣದುಂಡಿಯಂಥಾ ಬಿಳೇ ಹಿಕ್ಕಿ.
ಧೂಳಿನ್ಯಾಗ ಮುಂದಿನ ಹೆಜ್ಜಿ ದೊಡ್ಡದು, ಹಿಂದಿನದು ಸಣ್ಣದು.
ಕತ್ತಿಕಿರುಬ, ಅಂದೆ.
ಸಾಹೇಬ್ರು ಬಗ್ಗಿ ಸ್ಕೇಲು ಇಟ್ಟು ಫೋಟೋ ಹೊಡದರು.
ಪಕ್ಕದಾಗ ಇನ್ನೊಂದು ಹೆಜ್ಜಿ ಇತ್ತು,
ರೂಪಾಯಿಯಷ್ಟು ಅಗಲ. ಮರಿ.

ಕೆಳಗ ಸಹಿ ಮಾಡಿದೆ: ಹುಲಿಗೆವ್ವ.
ಅಂತೂ ಒಂದು ಸಿಕ್ತಲ್ಲ, ಅಂತ ನಕ್ಕರು.
ನಾನೂ ನಕ್ಕೆ.
ಮೊದಲಿನ ಸಾಹೇಬ್ರೂ ಇದನ್ನ ಅಂದಿದ್ದರು.

ಷರಾ ಅಂತ ಕಡೀ ಮನಿ ಖಾಲಿ ಉಳದಿತ್ತು.
ಸೊಟ್ಟ ಅಕ್ಷರದಾಗ ಬರದೆ:
ಮನಿ ಹುಲಿದು.
ಸದ್ಯ ಇರೂದು ಕತ್ತಿಕಿರುಬ, ಮರಿ ಜೋಡಿ.

ಇಳಿಯೂದ್ರಾಗ ಕತ್ತಲಾತು.
ಹೊತ್ತು ಮುಣಗಿದ ಮ್ಯಾಲೆ ನಮ್ಮತ್ತಿ ಅದರ ಹೆಸರು ಹೇಳೂದಿಲ್ಲ,
ದೊಡ್ಡನಾಯಿ ಅಂತಾಳ.
ಹೆಸರು ಹಿಡದರ ಬರತೈತಂತ.
ಎಂಬತ್ತು ವರ್ಷ ಆತು ಬಂದಿಲ್ಲ,
ಆದರೂ ಹೇಳೂದಿಲ್ಲ.

ಬಾಗಲದಾಗ ಕಂದೀಲು ಎತ್ತಿ ನಿಂತಿದ್ದಳು.
ಗುಡ್ಡದ ಕಡೆ ಮಾರಿ ಮಾಡಿ ಕೂಗಿದಳು:
ಏ ಸಣ್ಣಕೀ,
ಬಂದಿಯೇನ?