ಮುಚ್ಚಳದ ಒಳಮೈ

"ಸರಪಳಿಯಾದ್ರೆ ಕಿರುಗುಡ್ತದೆ ಮೇಡಂ,
ಸಾಯೋ ಮೊದಲು ನಾಲ್ಕು ತಿಂಗಳು ಬೈತದೆ.
ಬೆಲ್ಟು ಹಾಗಲ್ಲ.
ಬೆಳಿಗ್ಗೆ ಸುಮ್ಮನೆ ಹೊರಟದ್ದು
ಆನೆಕಾಡಿನ ತಿರುವಲ್ಲಿ ಸುಮ್ಮನೆ ನಿಲ್ತದೆ.
ಒಳಗೆ ವಾಲ್ವೂ ಪಿಸ್ಟನ್ನೂ ಮುಖಕ್ಕೆ ಮುಖ ಗುದ್ದಿಕೊಂಡಿರ್ತವೆ.
ಹೆಡ್ಡು ಬಿಚ್ಚಿದ್ರೆ ಗಾಡಿಯ ಅರ್ಧ ಬೆಲೆ."

ಸುಂಟಿಕೊಪ್ಪದ ಗ್ಯಾರೇಜು. ಮೊಯ್ದುಟ್ಟಿ
ಬಾನೆಟ್ಟಿಗೆ ಕೋಲು ಕೊಟ್ಟು ಕೇಳಿದ: "ಹಿಂದೆ ಯಾವಾಗ ಹಾಕಿದ್ದು?"

ಗೊತ್ತಿಲ್ಲ. ಸ್ಯಾಂಟ್ರೊ ನನ್ನದಾಗಿ ಹತ್ತೇ ತಿಂಗಳು.
ಕೊಟ್ಟವನು ಅತ್ತಿಗೆಯ ತಮ್ಮ, ಉತ್ತಯ್ಯ.
ಮೀಟರಿನಲ್ಲಿ ಐವತ್ತೆರಡು ಸಾವಿರದ ಮುನ್ನೂರು,
ಸೀಟಿನಡಿ ಒಂದು ಒಣ ಕಿತ್ತಳೆ ಸಿಪ್ಪೆ,
ಬಿಲ್ಲು ಗಿಲ್ಲು ಏನೂ ಇಲ್ಲ.

"ಅರವತ್ತು ಸಾವಿರ ಅಂತಾರೆ, ಇಲ್ಲ ಐದು ವರ್ಷ,
ಯಾವುದು ಮೊದಲು ಬರ್ತದೋ ಅದು.
ಶೆಡ್ಡಲ್ಲಿ ನಿಂತ ಗಾಡಿಯ ರಬ್ಬರಿಗೂ ವಯಸ್ಸಾಗ್ತದೆ.
ನಮ್ಮ ಏರು, ನಮ್ಮ ತೇವ ನೋಡಿ ನಾನು ಐವತ್ತಕ್ಕೇ ತೆಗೆಯೋದು.
ಗೊತ್ತಿಲ್ಲ ಅಂದ್ರೆ ಇವತ್ತೇ."

ಬಲಗಡೆಯ ಚಕ್ರ ಕಳಚಿದ. ಬ್ಯಾಟರಿಯ ತಂತಿ ಬಿಡಿಸಿದ.
ಹೊರಗಿನ ಬೆಲ್ಟುಗಳನ್ನು ಹುಡುಗನ ಕೊರಳಿಗೆ ಹಾಕಿದ,
ಹುಡುಗ ಮದುಮಗನ ಹಾಗೆ ನಕ್ಕ.
ಮೇಲಿನ ಗಾಲಿಯ ಗುರುತು, ಕೆಳಗಿನ ಗಾಲಿಯ ಗುರುತು
ಎರಡನ್ನೂ ಅವುಗಳ ಗೀಟಿಗೆ ತಂದು ನಿಲ್ಲಿಸಿದ.
"ಇನ್ನು ಇದನ್ನ ಯಾರೂ ಮುಟ್ಟಬಾರ್ದು.
ಒಂದು ಹಲ್ಲು ತಪ್ಪಿದ್ರೂ ಉಸಿರು ತಪ್ಪಿದ ಹಾಗೆ."

ಆಮೇಲೆ ಪ್ಲಾಸ್ಟಿಕ್ಕಿನ ಮುಚ್ಚಳ ತಿರುಗಿಸಿ ನೋಡಿ
ಅವನು ಸುಮ್ಮನಾದ.
ಒಳಮೈಯಲ್ಲಿ, ಮಸಿಯ ಕೆಳಗೆ, ಬಿಳಿ ಬಣ್ಣದ ಬರಹ:
ಮಾರ್ಚ್ ೨೦೧೬. ಕಿ.ಮೀ. ೬೧,೪೦೦. ಬಾ.

"ಇದು ಬಾಲೇಟನ ಕೈ. ಸಿದ್ದಾಪುರದವ್ರು.
ಬೆನ್ನು ನೋವು ಅಂತ ಕೆಲಸ ಬಿಟ್ಟು ಈಗ ಮೀನು ಮಾರ್ತಾರೆ."
ಅಷ್ಟೇ ಹೇಳಿದ. ಮೀಟರನ್ನು ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಮುಂದಿನ ತಿಂಗಳು ನಾದಿನಿಯ ಮದುವೆ.
ಉತ್ತಯ್ಯ ನನ್ನ ಎಲೆಯ ಪಕ್ಕದಲ್ಲೇ ಕೂರುತ್ತಾನೆ,
ಪಂದಿ ಸಾರು ಬಡಿಸಿಕೊಳ್ಳುತ್ತಾ
"ಗಾಡಿ ಹೆಂಗಿದೆ?" ಅನ್ನುತ್ತಾನೆ.

ಏನನ್ನಲಿ?
ನಾನು ತೋಟದ ರೈಟರು. ತೂಕದ ಶೆಡ್ಡಿನಲ್ಲಿ
ಸಂಜೆ ನಾಲ್ಕಕ್ಕೆ ಹಣ್ಣಿನ ಚೀಲಗಳು ಸಾಲು ನಿಂತಾಗ
ಮುಳ್ಳು ತೋರಿಸಿದ್ದನ್ನು ನೋಡಿ
ಪುಸ್ತಕಕ್ಕೆ ಒಂದು ಕಿಲೋ ಕಮ್ಮಿ ಬರೆಯುವವಳು.
ನೀರಿನ ಲೆಕ್ಕ, ಅಂದಿದ್ದರು ಸಾಹೇಬರು ಮೊದಲ ದಿನ.
ಬಿಸಿಲು ಕಾಯ್ದ ದಿನವೂ ಅದೇ ನೀರು.
ಜಾನು ಒಬ್ಬಳೇ ಪ್ರತಿ ಸಲ
ಮುಳ್ಳನ್ನು ನೋಡಿ, ಪುಸ್ತಕ ನೋಡಿ, ನನ್ನನ್ನು ನೋಡಿ
ಬರಿ ಚೀಲ ಮಡಚಿಕೊಂಡು ಹೋಗುತ್ತಾಳೆ.
ಕಿರುಗುಡುವುದಿಲ್ಲ.

ಹಳೆ ಬೆಲ್ಟು ಬೆಂಚಿನ ಮೇಲೆ. ಹಿಂದಕ್ಕೆ ಬಗ್ಗಿಸಿದರೆ
ಹಲ್ಲಿನ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳು.
ಟೆನ್ಷನರ್ ಹೊಸದು, ವಾಟರ್ ಪಂಪೂ ಹೊಸದು.
"ಬಿಚ್ಚಿದ್ದೇ ಬಿಚ್ಚಿದ್ದು, ಎರಡು ಸಲ ಕೂಲಿ ಯಾಕೆ?"
ಹೊಸ ಬೆಲ್ಟು ಕೂರಿಸಿ, ಬಿಗಿ ನೋಡಿ,
ಚಾವಿ ತಿರುಗಿಸದೆ, ಪಾನದಲ್ಲಿ, ಕೈಯಿಂದಲೇ
ಇಂಜಿನ್ನನ್ನು ಪೂರಾ ಎರಡು ಸುತ್ತು ಸುತ್ತಿಸಿದ,
ಮಲಗಿದ ಮಗುವನ್ನು ಮಗ್ಗುಲಾಗಿಸುವಷ್ಟು ನಿಧಾನ.
ಗುರುತುಗಳು ಮತ್ತೆ ಬಂದು ಗೀಟಿಗೆ ನಿಂತವು.

ಬಿಳಿ ಪೇಂಟಿನ ಪೆನ್ನು ನನ್ನತ್ತ ಚಾಚಿದ.
"ನೀವೇ ಬರೀರಿ. ರೈಟರಲ್ವಾ."

ಬಾಲೇಟನ ಸಾಲಿನ ಕೆಳಗೆ, ಮಸಿ ಒರೆಸಿ,
ತಾರೀಕು ಬರೆದೆ. ಬೆಲ್ಟು, ಪಂಪು, ಟೆನ್ಷನರ್ ಬರೆದೆ.
ಕಿಲೋಮೀಟರಿನ ಜಾಗಕ್ಕೆ ಬಂದಾಗ ಕೈ ತಡೆಯಿತು.
ಹುಡುಗ ಇಣುಕಿ ನೋಡುತ್ತಿದ್ದ.
ಇಷ್ಟು ವರ್ಷದ ಪುಸ್ತಕದಲ್ಲಿ ಎಲ್ಲೂ ಬರೆಯದ ಹಾಗೆ
ಬರೆದೆ:
ಮೀಟರು ೫೨,೩೦೦. ನಂಬಬೇಡಿ.
ಮುತ್ತಕ್ಕಿ.

ಮೊಯ್ದುಟ್ಟಿ ಓದಿದ, ಬಣ್ಣ ಒಣಗಲಿ ಎಂದು ಊದಿದ,
ಮುಚ್ಚಳ ಇಟ್ಟು ಬೋಲ್ಟು ಬಿಗಿದ.
ನಾಳೆ ನಾಲ್ಕಕ್ಕೆ ತೂಕ.