ಹೊಗೆಗಂಡಿ

ಚಾಮರಾಜಪೇಟೆಯ ನಮ್ಮ ಕೋಣೆಯಲ್ಲಿ ಮೂರು ಫ್ಯಾನು,
ತಿರುಗುವುದು ಒಂದೇ.
ಭೂಗರ್ಭ ಪದಕೋಶದ ‘ಫ’ಕಾರಕ್ಕೆ ಬಂದು
ನಾಲ್ಕು ದಿನದಿಂದ ನಿಂತಿದ್ದೇವೆ:
ಫ್ಯುಮರೋಲ್.
ಬೆಂಕಿಬೆಟ್ಟದ ಮೈಮೇಲಿನ ಬಿರುಕು,
ಒಳಗಿನ ಕಾವು ಉಸಿರುಬಿಡುವ ಜಾಗ.
ಲಾಲ್‌ಬಾಗಿನ ಬಂಡೆ ತಣ್ಣಗಾಗಿ
ಮುನ್ನೂರು ಕೋಟಿ ವರ್ಷವಾದ ಊರಲ್ಲಿ ಕೂತು
ಇದಕ್ಕೆ ಹೆಸರು ಹುಡುಕಬೇಕು.

‘ಧೂಮರಂಧ್ರ’ ಎಂದರು ಅವಧಾನಿಗಳು, ನಶ್ಯದ ಡಬ್ಬಿ ಮುಚ್ಚುತ್ತ.
ಹೊಗೆಗಂಡಿ, ಅಂದೆ ನಾನು.
‘ಹುಡುಗರು ನಗುತ್ತಾರಮ್ಮ,
ಇಲ್ಲಿ ಹೊಗೆ ಅಂದರೆ ಕತೆ ಮುಗಿಯಿತು ಅಂತ.’
ನಿಜ. ನಿನ್ನೆಯಷ್ಟೇ ಟೌನ್‌ಹಾಲ್ ಮುಂದೆ ಆಟೋದವನು
ಇಂಜಿನ್ನಿಗೆ ಒದ್ದು, ‘ಹೊಗೆ ಹಾಕುಸ್ಕೊಂತು, ಇಳೀರಿ ಮೇಡಂ’
ಅಂದಿದ್ದ.

ಲ್ಯಾಟಿನ್ ನಿಘಂಟು ತೆರೆದೆ.
ಫೂಮುಸ್, ಹೊಗೆ.
ಫೂಮಾರಿಯಂ, ದ್ರಾಕ್ಷಾರಸದ ಜಾಡಿಗಳನ್ನು
ಮಾಗಲು ಬಿಟ್ಟ ಹೊಗೆಕೋಣೆ.
ಅದರ ಪುಟ್ಟ ಕಿಂಡಿಯೇ ನಮ್ಮ ಈ ಪದದ ಅಜ್ಜಿ.
ಬೆಟ್ಟವೂ ಒಂದು ದಿನ ಹೆಸರಿಲ್ಲದೆ
ಯಾರದೋ ಮನೆಯ ಅಟ್ಟಕ್ಕೆ ಸಾಲ ಕೇಳಲು ಬಂದಿತ್ತು.
ಫೂಮುಸ್, ಧೂಮ ಒಂದೇ ಬಸಿರಿನವಂತೆ.
ಅವಧಾನಿಗಳಿಗೆ ಹೇಳಲಿಲ್ಲ.

ಸಂಜೆ ಶಿವಾಜಿನಗರ. ಬಸ್ಸಿಲ್ಲ.
ವಾಜಿದನ ಬೇಕರಿಯ ಚಿಮಣಿ ಕೆಳಗೇ ಉಗುಳುತ್ತಿತ್ತು.
‘ಧುವಾಂ, ಧುವಾಂ’ ಎಂದು ಕೆಮ್ಮಿದ ಅವನು;
ಆ ಲ್ಯಾಟಿನ್ ಮನೆತನದ ಇನ್ನೊಬ್ಬ ಮೊಮ್ಮಗ,
ಬನಿಯನ್ನಿನಲ್ಲಿ.
ಅಂಜಲೈ ಮಲ್ಲಿಗೆಬುಟ್ಟಿಗೆ ಸೆರಗು ಮುಚ್ಚಿ
‘ಪುಗೈ!’ ಎಂದು ಬೈದಳು.
ಅವಳ ತುಟಿಯ ಮೇಲೆ ಆ ‘ಪ’ ಇನ್ನೂ ಇದೆ.
ನಮ್ಮದೂ ಒಮ್ಮೆ ಪೊಗೆ.
ಯಾವಾಗಲೋ ತುಟಿ ಕೂಡಿಸುವುದು ಬಿಟ್ಟೆವು,
ಉಳಿದದ್ದು ‘ಹ’,
ಬರೀ ಉಸಿರು.
ಅಕ್ಷರವೊಂದು ಹೊಗೆಯಾಗಿ ಹೋದ ಕಿಂಡಿ
ನಮ್ಮ ಬಾಯಿ.

ಬೆಳಿಗ್ಗೆ ಭೂವಿಜ್ಞಾನದ ಪ್ರಮೀಳಾ ತಿಮ್ಮಾಜಿ ಫೋನು ಮಾಡಿದರು:
‘ಅಲ್ಲಿಂದ ಬರೋದು ಹೊಗೆನೇ ಅಲ್ಲ ಕಣ್ರೀ.
ಹಬೆ. ಮತ್ತೆ ಗಂಧಕದ ನಾತ.’

ಸರಿ, ರೋಮಿನವರೂ ತಪ್ಪು, ನಾವಿಬ್ಬರೂ ತಪ್ಪು.
ಆದರೂ ಹೆಸರಿಟ್ಟವರು
ಮಕ್ಕಳನ್ನು ಸೊಂಟಕ್ಕೇರಿಸಿ ದೂರದಲ್ಲಿ ನಿಂತಿದ್ದರಲ್ಲ;
ಅಷ್ಟು ದೂರಕ್ಕೆ ಅದು ಹೊಗೆಯೇ.
ಚೀಟಿಯಲ್ಲಿ ಹೊಗೆಗಂಡಿ ಎಂದೇ ಬರೆದೆ, ಪೆನ್ಸಿಲಿನಲ್ಲಿ.

ಅವಧಾನಿಗಳು ಓದಿದರು, ನಶ್ಯ ಏರಿಸಿದರು,
ಮೇಜು ಅಲುಗುವಂತೆ ಸೀನಿದರು,
ಪದದ ಪಕ್ಕ ಒಂದು ಪ್ರಶ್ನೆಯ ಗುರುತು ಹಾಕಿ ಎದ್ದರು.

ಅದಿನ್ನೂ ಅಲ್ಲೇ ಇದೆ:
ಕೆಳಗೊಂದು ಚುಕ್ಕೆ,
ಅದರಿಂದ ಮೇಲೆದ್ದು ಬಾಗಿದ ಎಳೆ.